ಗೆದ್ದ ಸೀಟಿನ ಬೆಲೆ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲಕ್ಕೆ ಹೊರಗಿನಿಂದ ಬರುವವರಲ್ಲಿ ಬಹುಮಂದಿ ಅಮ್ಮಾಜಾನ್ ಬಾವಾಜಾನ್ ದರ್ಗಾದ ಯಾತ್ರಿಕರು. ಹಿಂದೂಗಳೆನ್ನದೆ ಮುಸಲ್ಮಾನರೆನ್ನದೆ ದೂರದ ಊರುಗಳಿಂದ ಬಂದು ಹರಕೆ ಹೊರುವ, ಹೊತ್ತ ಹರಕೆಯನ್ನು ತೀರಿಸಿ ಹಿಂದಿರುಗುವ ಜನ ಅವರು. ಕಾಯಿಲೆ ವಾಸಿಯಾಗಲಿ, ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬರಲಿ ಎಂಬ ಹಳೆಯ ಕೋರಿಕೆಗಳ ಜೊತೆಗೆ ನಾಡಿನ ಯಾವ ಯಾತ್ರಾಸ್ಥಳದಲ್ಲಿಯೂ ಈಗ ಕೇಳಬಹುದಾದ ಹೊಸದೊಂದು ಕೋರಿಕೆ ಸೇರಿಕೊಂಡಿದೆ. ಎಂಜಿನಿಯರಿಂಗ್ ಮುಗಿಸುವ ಮಗನಿಗೋ ಮಗಳಿಗೋ ಪರದೇಶದಲ್ಲಿ ಎಂ.ಎಸ್. ಓದಲು ಒಂದು ಸೀಟು ಸಿಕ್ಕಲಿ ಎಂಬುದೇ ಅದು.

ಸೀಟೆಂಬುದು ಎರಡು ಬಗೆಯಲ್ಲಿ ಸಿಕ್ಕುತ್ತದೆ. ಹಣ ಕೊಟ್ಟು ಪಡೆಯುವುದು ಒಂದು. ಸ್ಪರ್ಧೆಯಲ್ಲಿ ಗೆದ್ದು ಪಡೆಯುವುದು ಇನ್ನೊಂದು. ಮೊದಲನೆಯದರ ಬೆಲೆ ಎಲ್ಲರಿಗೂ ಗೊತ್ತು. ಎರಡನೆಯದಕ್ಕೆ ಬೆಲೆಯೇ ಇಲ್ಲವೆಂದು ತಿಳಿದವರು ಬಹಳ. ಆದರೆ ಗೆದ್ದ ಸೀಟಿಗೂ ಬೆಲೆಯುಂಟು. ಹಿಂದಿನವರು ಅದನ್ನು ಕರಾರಿನಲ್ಲಿ ಎದ್ದುಕಾಣುವಂತೆ ಬರೆಯುತ್ತಿದ್ದರು. ಇಂದು ಅದು ನಿಯಮಾವಳಿಯ ಸಣ್ಣ ಅಕ್ಷರಗಳ ನಡುವೆ ಅಡಗಿ ಕುಳಿತಿರುತ್ತದೆ. ಅದನ್ನು ಮೊದಲೇ ಲೆಕ್ಕಹಾಕಿದ ಮನೆಗೆ ಸ್ಪರ್ಧೆ ವರವಾಗುತ್ತದೆ; ಲೆಕ್ಕಹಾಕದ ಮನೆಗೆ ಅದೇ ಸಾಲದ ಹೊರೆಯಾಗುತ್ತದೆ. ಆದುದರಿಂದ ಈ ಸ್ಪರ್ಧೆಗಳ ಸ್ವರೂಪವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು.

ಮುದ್ದೇನಹಳ್ಳಿಯ ಹುಡುಗ

ಪರೀಕ್ಷೆಯಲ್ಲಿ ಗೆದ್ದು ದೂರದ ಊರಿನಲ್ಲಿ ಎಂಜಿನಿಯರಿಂಗ್ ಓದುವ ಪದ್ಧತಿ ಈ ಸೀಮೆಗೆ ಹೊಸದೇನೂ ಅಲ್ಲ. ಮುರುಗಮಲ್ಲವಿರುವ ಚಿಕ್ಕಬಳ್ಳಾಪುರ ಜಿಲ್ಲೆಯದೇ ಆದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿ, ಅದರಿಂದ ಬಂದ ಹಣದಲ್ಲಿ ಹೊಟ್ಟೆ ಹೊರೆದುಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಆಗ ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಕಾಲೇಜೆಂಬುದೇ ಇರಲಿಲ್ಲ. ಸಂಸ್ಥಾನದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. ಮೈಸೂರಿನ ಹುಡುಗನಿಗೆ ಅಂದಿನ ಪುಣೆ ಇಂದಿನ ಮ್ಯೂನಿಕ್ಕಿಗಿಂತ ಹತ್ತಿರವಾಗಿರಲಿಲ್ಲ. ಭಾಷೆ ಬೇರೆ, ಸರ್ಕಾರ ಬೇರೆ, ಪರೀಕ್ಷೆಯ ಕ್ರಮವೂ ಬೇರೆ.

1883ರಲ್ಲಿ ಅವರು ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಗಳಿಸಿದರು. ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ದೊರೆಯಿತು. ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ವಿದ್ಯಾರ್ಥಿವೇತನ ಕೊಟ್ಟದ್ದು ಮೈಸೂರು. ಸುಮಾರು ಕಾಲು ಶತಮಾನ ದುಡಿಸಿಕೊಂಡದ್ದು ಮುಂಬಯಿ. ಮೈಸೂರಿಗೆ ಅವರು ಮುಖ್ಯ ಎಂಜಿನಿಯರಾಗಿ ಬಂದದ್ದು 1909ರಲ್ಲಿ. ಋಣ ತೀರುವುದು ತಡವಾಯಿತು. ಆದರೆ ತೀರಿದಾಗ ಬಡ್ಡಿಸಹಿತ ತೀರಿತು. ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. 1912ರಿಂದ 1918ರವರೆಗೆ ಅವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದವು. ಓದಲು ಊರು ಬಿಟ್ಟು ಹೋಗಬೇಕಾಗಿದ್ದ ಹುಡುಗ ತನ್ನ ನಂತರದವರು ಹೋಗಬೇಕಾಗದಂತೆ ಮಾಡಿದ. ಒಂದು ವಿದ್ಯಾರ್ಥಿವೇತನದಿಂದ ಸಂಸ್ಥಾನಕ್ಕೆ ಇದಕ್ಕಿಂತ ಹೆಚ್ಚಿನ ಲಾಭ ಬಂದ ನಿದರ್ಶನ ಅಪರೂಪ.

1946ರ ಆಯ್ಕೆ

ಪುಣೆಯ ಕಾಲ ಮುಗಿದು ಕಡಲಾಚೆಯ ಕಾಲ ಬಂದಾಗಲೂ ಸ್ಪರ್ಧೆಯೇ ದಾರಿಯಾಯಿತು. ಜಮ್‌ಶೇಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ನಿಧಿ ಆಯ್ದ ತರುಣ ತರುಣಿಯರಿಗೆ ಪರದೇಶದ ಉನ್ನತ ವ್ಯಾಸಂಗಕ್ಕಾಗಿ ಸಾಲರೂಪದ ನೆರವು ನೀಡಿತು. ಕೊಟ್ಟದ್ದು ದಾನವಲ್ಲ, ಸಾಲ ಎಂಬುದರಲ್ಲಿ ಆ ವ್ಯವಹಾರಕುಶಲಿಯ ವಿವೇಕ ಕಾಣುತ್ತದೆ. ಒಬ್ಬನು ಹಿಂದಿರುಗಿಸಿದ ಹಣದಿಂದ ಇನ್ನೊಬ್ಬನು ಹಡಗು ಹತ್ತಬಹುದು. ತುಮಕೂರಿನಲ್ಲಿ ಹುಟ್ಟಿದ ವಿಜ್ಞಾನಿ ರಾಜಾರಾಮಣ್ಣನವರು ಲಂಡನ್ನಿಗೆ ಹೋದದ್ದು ಈ ನಿಧಿಯ ವಿದ್ಯಾರ್ಥಿಯಾಗಿ.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತ ಸರ್ಕಾರವೇ ಈ ಕೆಲಸಕ್ಕೆ ಕೈಹಾಕಿತು. ಸ್ವತಂತ್ರವಾಗಲಿದ್ದ ದೇಶಕ್ಕೆ ಅಣೆಕಟ್ಟು, ವಿಮಾನ, ರೇಡಿಯೋ ಮುಂತಾದವುಗಳನ್ನು ಬಲ್ಲವರು ಬೇಕಾಗಿದ್ದರು. ದೇಶದೆಲ್ಲೆಡೆಯಿಂದ ಪ್ರತಿಭಾವಂತರನ್ನು ಆರಿಸಿ ಅಮೆರಿಕ, ಇಂಗ್ಲೆಂಡುಗಳಿಗೆ ಕಳುಹಿಸಲಾಯಿತು. ಆ ಕಾಲದಲ್ಲಿ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿ, ಮಿನ್ನೆಸೋಟದಲ್ಲಿ ಸ್ನಾತಕೋತ್ತರ ಪದವಿಯನ್ನೂ ಕ್ಯಾಲಿಫೋರ್ನಿಯದಲ್ಲಿ ಡಾಕ್ಟರೇಟನ್ನೂ ಪಡೆದು, 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು ಸತೀಶ ಧವನ್. 1972ರಲ್ಲಿ ಅವರು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾದರು.

ಕನ್ನಡನಾಡಿನ ಮಟ್ಟಿಗೆ ಇನ್ನೂ ಹೆಚ್ಚು ನೆನೆಯಬೇಕಾದ ಹೆಸರು ರಾಜೇಶ್ವರಿ ಚಟರ್ಜಿ ಅವರದು. 1922ರಲ್ಲಿ ಹುಟ್ಟಿದ ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ಬಹುಮಾನಗಳನ್ನು ಗಳಿಸಿ, ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. 1946ರಲ್ಲಿ ಸರ್ಕಾರದ ಆಯ್ಕೆಯಲ್ಲಿ ಅವರ ಹೆಸರು ಬಂದಿತು. ಅವಿವಾಹಿತೆಯೊಬ್ಬಳು ಒಂಟಿಯಾಗಿ ಸಮುದ್ರ ದಾಟುವುದು ಊಹೆಗೂ ಮೀರಿದ್ದ ಆ ದಿನಗಳಲ್ಲಿ, 1947ರಲ್ಲಿ, ಅವರು ಹಡಗು ಹತ್ತಿ ಅಮೆರಿಕಕ್ಕೆ ನಡೆದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 1949ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗಿನ ಸ್ನಾತಕೋತ್ತರ ಪದವಿ ಮುಗಿಯಿತು. ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳ ಪ್ರಾಯೋಗಿಕ ತರಬೇತಿಯಾಯಿತು. ಏಷ್ಯದ ಮಹಿಳೆಯರಿಗೆಂದೇ ಮೀಸಲಾದ ಬಾರ್ಬರ್ ವಿದ್ಯಾರ್ಥಿವೇತನದಿಂದ ಮುಂದುವರಿದು, 1953ರ ಆರಂಭದಲ್ಲಿ ಡಾಕ್ಟರೇಟನ್ನೂ ಪಡೆದರು.

ಅದೇ ವರ್ಷ ಅವರು ಬೆಂಗಳೂರಿಗೆ ಹಿಂದಿರುಗಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂವಹನ ವಿಭಾಗದಲ್ಲಿ ಅಧ್ಯಾಪಕರಾದರು. ಪತಿ ಶಿಶಿರಕುಮಾರ ಚಟರ್ಜಿ ಅವರೊಡನೆ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು. ಇಪ್ಪತ್ತು ಮಂದಿ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದರು. 2010ರಲ್ಲಿ ಅವರು ತೀರಿಕೊಂಡಾಗ ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ನಾಡು ಸ್ಮರಿಸಿತು.

ಆ ಕಾಲದ ಸ್ಪರ್ಧೆಯ ಲೆಕ್ಕ ಸರಳವಾಗಿತ್ತು. ಖರ್ಚೆಲ್ಲ ಸರ್ಕಾರದ್ದು, ಅದಕ್ಕೆ ಪ್ರತಿಯಾಗಿ ವಿದ್ಯೆ ದೇಶದ್ದು. ಬೆಲೆ ಯಾವುದು, ತೆರಬೇಕಾದವರು ಯಾರು ಎಂಬ ವಿಷಯದಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಇಂದಿನ ಬಾಗಿಲುಗಳು

ಇಂದು ಬಾಗಿಲುಗಳು ಹಲವು. ಮುರುಗಮಲ್ಲದ ಹುಡುಗಿಯೊಬ್ಬಳು ಚಿಂತಾಮಣಿಯಲ್ಲೋ ಬೆಂಗಳೂರಿನಲ್ಲೋ ಬಿ.ಇ. ಓದುತ್ತಿದ್ದಾಳೆಂದು ಇಟ್ಟುಕೊಳ್ಳೋಣ. ಆಕೆಯ ಎದುರಿಗಿರುವ ಸ್ಪರ್ಧೆಗಳಲ್ಲಿ ಕೆಲವನ್ನಾದರೂ ಹೆಸರಿಸಬಹುದು.

ಯುರೋಪ್ ಒಕ್ಕೂಟದ ಎರಾಸ್ಮಸ್ ಮುಂಡಸ್ ಯೋಜನೆ 2004ರಲ್ಲಿ ಆರಂಭವಾದುದು. ಎರಡು ಮೂರು ದೇಶಗಳ ವಿಶ್ವವಿದ್ಯಾಲಯಗಳು ಕೂಡಿ ಒಂದೇ ಸ್ನಾತಕೋತ್ತರ ಪಠ್ಯವನ್ನು ನಡೆಸುತ್ತವೆ. ವಿದ್ಯಾರ್ಥಿ ಕನಿಷ್ಠ ಎರಡು ದೇಶಗಳಲ್ಲಿ ಓದಬೇಕು. ವಿದ್ಯಾರ್ಥಿವೇತನ ಗೆದ್ದವರಿಗೆ ಬೋಧನಾ ಶುಲ್ಕವಿಲ್ಲ. ಇಪ್ಪತ್ತನಾಲ್ಕು ತಿಂಗಳವರೆಗೆ ತಿಂಗಳಿಗೆ 1400 ಯೂರೋ ದೊರೆಯುತ್ತದೆ. ಪ್ರಯಾಣ, ವೀಸಾಗಳನ್ನೆಲ್ಲ ಅದರೊಳಗೇ ನಿಭಾಯಿಸಿಕೊಳ್ಳಬೇಕು. ಈ ವಿದ್ಯಾರ್ಥಿವೇತನ ಪಡೆಯುವವರಲ್ಲಿ ಭಾರತೀಯರು ಮುಂಚೂಣಿಯಲ್ಲಿದ್ದಾರೆ.

ಜಪಾನ್ ಸರ್ಕಾರದ ವಿದ್ಯಾರ್ಥಿವೇತನ 1954ರಿಂದ ಬಂದುದು. ರಾಯಭಾರ ಕಚೇರಿಯ ಮೂಲಕ ಅರ್ಜಿ, ಲಿಖಿತ ಪರೀಕ್ಷೆ, ಸಂದರ್ಶನ ಎಂಬ ಮೂರು ಮೆಟ್ಟಿಲುಗಳನ್ನು ಹತ್ತಿದವರಿಗೆ ಶುಲ್ಕ ವಿನಾಯಿತಿ, ವಿಮಾನದ ಟಿಕೆಟ್ಟು, ಮಾಸಿಕ ವೇತನ ಮೂರೂ ಉಂಟು. ಬ್ರಿಟನ್ನಿನಲ್ಲಿ 1959ರಲ್ಲಿ ರೂಪುಗೊಂಡ ಕಾಮನ್‌ವೆಲ್ತ್ ವಿದ್ಯಾರ್ಥಿವೇತನವೂ, ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಪೂರ್ಣ ವೆಚ್ಚ ಕೊಡುವ ಚೀವ್ನಿಂಗ್ ವಿದ್ಯಾರ್ಥಿವೇತನವೂ ಇವೆ. ಚೀವ್ನಿಂಗ್‌ಗೆ ಎರಡು ವರ್ಷದ ಉದ್ಯೋಗಾನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂಬ ಕಟ್ಟಳೆಯೂ ಉಂಟು. 1946ರ ಕರಾರಿನ ನೆರಳು ಇನ್ನೂ ಉಳಿದಿರುವುದು ಇಂಥ ಕಡೆಗಳಲ್ಲಿ.

ಅಕ್ಷರಶಃ ಸ್ಪರ್ಧೆಯೇ ಆಗಿರುವುದು ರಷ್ಯದ ವಿಶ್ವವಿದ್ಯಾಲಯಗಳ ಒಕ್ಕೂಟ 2017ರಲ್ಲಿ ಆರಂಭಿಸಿದ ‘ಓಪನ್ ಡೋರ್ಸ್’. ಮೊದಲ ಸುತ್ತಿನಲ್ಲಿ ಅಭ್ಯರ್ಥಿಯ ಸಾಧನೆಗಳ ದಾಖಲೆಗಳನ್ನು ಪರಿಶೀಲಿಸುತ್ತಾರೆ. ಎರಡನೆಯ ಸುತ್ತಿನಲ್ಲಿ ಮನೆಯಲ್ಲಿಯೇ ಕಂಪ್ಯೂಟರಿನ ಮುಂದೆ ಕುಳಿತು ಪ್ರಶ್ನೆಗಳನ್ನು ಬಿಡಿಸಬೇಕು. ಪ್ರವೇಶ ಶುಲ್ಕವಿಲ್ಲ. ಗೆದ್ದವರು ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲದೆ ಸ್ನಾತಕೋತ್ತರ ವ್ಯಾಸಂಗ ಮಾಡಬಹುದು. ಊಟ ವಸತಿಯ ಖರ್ಚು ವಿದ್ಯಾರ್ಥಿಯದೇ. 1960ರಲ್ಲಿ ಮಾಸ್ಕೋ ನಗರದಲ್ಲಿ ಸ್ಥಾಪನೆಯಾದ ಮೈತ್ರಿ ವಿಶ್ವವಿದ್ಯಾಲಯ ಏಷ್ಯ, ಆಫ್ರಿಕಗಳ ತರುಣರನ್ನು ಕರೆದು ಓದಿಸಿದ ನೆನಪು ಹಿರಿಯರಿಗೆ ಇರಬಹುದು. ಇದು ಅದೇ ಸಂಪ್ರದಾಯದ ಹೊಸ ರೂಪ. ಆದರೆ 2022ರಲ್ಲಿ ಆರಂಭವಾದ ಉಕ್ರೇನ್ ಯುದ್ಧದ ನಂತರ ಹಣ ಕಳುಹಿಸುವ ಬಗೆ, ಪ್ರಯಾಣದ ದಾರಿ, ಪದವಿಗೆ ಬೇರೆ ದೇಶಗಳಲ್ಲಿರುವ ಮನ್ನಣೆ ಇವೆಲ್ಲವನ್ನೂ ವಿಚಾರಿಸಿಯೇ ಹೆಜ್ಜೆಯಿಡಬೇಕು.

ಇನ್ನು ನಮ್ಮ ಸರ್ಕಾರಗಳದು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954–55ರಿಂದ ನಡೆದುಬಂದಿದೆ. ಪರಿಶಿಷ್ಟ ಜಾತಿಯವರು, ಅಲೆಮಾರಿ ಜನಾಂಗದವರು, ಭೂರಹಿತ ಕೃಷಿಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳು ಇವರ ಮಕ್ಕಳಿಗೆ ಅದು ಮೀಸಲು. ವಯಸ್ಸು ಮೂವತ್ತೈದರೊಳಗೆ, ಕುಟುಂಬದ ವಾರ್ಷಿಕ ವರಮಾನ 8 ಲಕ್ಷ ರೂಪಾಯಿಗಳೊಳಗೆ ಇರಬೇಕು. ಬುಡಕಟ್ಟಿನವರಿಗೆ ಬೇರೆಯದೇ ಯೋಜನೆಯಿದೆ. ಕರ್ನಾಟಕ ಸರ್ಕಾರದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ, ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಇಲಾಖೆಗಳ ವಿದೇಶ ವ್ಯಾಸಂಗದ ನೆರವು ಇವುಗಳ ಹೆಸರನ್ನೇ ಕೇಳದ ಅರ್ಹರು ಹಳ್ಳಿಗಳಲ್ಲಿ ಎಷ್ಟೋ ಮಂದಿ ಇರಬಹುದು. ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆದವರೂ ಪಕ್ಕದ ಇಲಾಖೆಯ ಬಾಗಿಲನ್ನು ಒಮ್ಮೆ ತಟ್ಟಿ ನೋಡಿರುವುದಿಲ್ಲ.

ಧರ್ಮದ ದಟ್ಟಿ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ಕೃತಘ್ನರನ್ನು ಹಂಗಿಸಲು ಹುಟ್ಟಿದುದು. ಆದರೆ ಈ ಒಂದು ವಿಷಯದಲ್ಲಿ ಮೊಳ ಹಾಕುವುದೇ ಜಾಣತನ. ‘ಉಚಿತ’ ಎಂಬ ಮಾತನ್ನು ಕೇಳಿದೊಡನೆ ಯಾವುದು ಉಚಿತ, ಎಷ್ಟು ಕಾಲ ಉಚಿತ, ಉಳಿದುದನ್ನು ತೆರುವವರು ಯಾರು ಎಂದು ಅಳೆಯಬೇಕು.

ಜರ್ಮನಿಯನ್ನು ನೋಡಿ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕವಿಲ್ಲವೆಂಬುದು ಬಹುಮಟ್ಟಿಗೆ ನಿಜ. ಆದರೆ ಬಾಡೆನ್ ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನವರಿಂದ ಸೆಮಿಸ್ಟರಿಗೆ 1500 ಯೂರೋ ವಸೂಲು ಮಾಡುತ್ತಿದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಸ್ನಾತಕೋತ್ತರ ಪದವಿಗೆ ಸೆಮಿಸ್ಟರಿಗೆ 4000 ಅಥವಾ 6000 ಯೂರೋ ಗೊತ್ತುಮಾಡಿತು. ಶುಲ್ಕವೇ ಇಲ್ಲದ ಕಡೆಯೂ ವೀಸಾಕ್ಕೆ ಒಂದು ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ಬ್ಯಾಂಕಿನಲ್ಲಿಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತವನ್ನು 11,904 ಯೂರೋಗಳಿಗೆ ಏರಿಸಲಾಯಿತು. ರೂಪಾಯಿ ಲೆಕ್ಕದಲ್ಲಿ ಅದು ಹತ್ತು ಲಕ್ಷವನ್ನು ಮೀರುತ್ತದೆ. ಇದಲ್ಲದೆ ಭಾರತೀಯ ಪದವಿಪತ್ರಗಳನ್ನು ಪರಿಶೀಲಿಸಿ ಕೊಡುವ ಪ್ರಮಾಣಪತ್ರವೊಂದನ್ನು 2022ರ ನವೆಂಬರಿನಿಂದ ಕಡ್ಡಾಯ ಮಾಡಿದ್ದಾರೆ. ಅದಕ್ಕೂ ಸಾವಿರಾರು ರೂಪಾಯಿ ಶುಲ್ಕ, ವಾರಗಟ್ಟಲೆ ಕಾಲ.

ಎರಾಸ್ಮಸ್ ಯೋಜನೆಯಲ್ಲಿಯೂ ಒಂದು ಸೂಕ್ಷ್ಮವಿದೆ. ‘ನೀವು ಆಯ್ಕೆಯಾಗಿದ್ದೀರಿ’ ಎಂಬ ಪತ್ರ ಬಂದೊಡನೆ ಊರಿಗೆಲ್ಲ ಸಿಹಿ ಹಂಚುವ ಹಾಗಿಲ್ಲ. ವಿದ್ಯಾರ್ಥಿವೇತನದೊಡನೆ ಆಯ್ಕೆಯಾದವರು ಬೇರೆ. ಸ್ವಂತ ಖರ್ಚಿನಲ್ಲಿ ಬರಬಹುದೆಂದು ಆಯ್ಕೆಯಾದವರು ಬೇರೆ. ಎರಡನೆಯವರು ಪೂರ್ತಿ ಶುಲ್ಕ ಕಟ್ಟಬೇಕು. ಜಪಾನಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿ ಹೋದವರು ಅಲ್ಲಿಗೆ ಹೋದ ಮೇಲೆ ಆಯಾ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಮಾತ್ರ ಸ್ನಾತಕೋತ್ತರ ವಿದ್ಯಾರ್ಥಿಯಾಗುತ್ತಾರೆ. ರಷ್ಯದಲ್ಲಿ ಹಲವು ಪಠ್ಯಗಳ ಬೋಧನೆ ರಷ್ಯನ್ ಭಾಷೆಯಲ್ಲಿ ನಡೆಯುತ್ತದೆ; ಇಂಗ್ಲಿಷಿನಲ್ಲಿ ಸ್ಪರ್ಧೆ ಗೆದ್ದವರೂ ಆರಿಸಿಕೊಳ್ಳುವ ಪಠ್ಯದ ಭಾಷೆ ಯಾವುದೆಂದು ಮೊದಲೇ ನೋಡಿಕೊಳ್ಳಬೇಕು.

ಇವೆಲ್ಲ ನ್ಯಾಯವಾದ ಸ್ಪರ್ಧೆಗಳು. ನಿಯಮಗಳನ್ನು ಬಹಿರಂಗವಾಗಿಯೇ ಪ್ರಕಟಿಸುತ್ತವೆ. ಸ್ಪರ್ಧೆಯ ವೇಷ ಹಾಕಿದ ವ್ಯಾಪಾರ ಬೇರೆಯೇ ಇದೆ. ಹೋಟೆಲಿನ ಸಭಾಂಗಣದಲ್ಲಿ ಅರ್ಧ ಗಂಟೆಯ ಪರೀಕ್ಷೆ, ಅಲ್ಲಿಯೇ ಫಲಿತಾಂಶ, ಬರೆದವರಿಗೆಲ್ಲ ‘ವಿದ್ಯಾರ್ಥಿವೇತನ’. ವಿಚಾರಿಸಿದರೆ ಅದು ಮೂವತ್ತು ಲಕ್ಷದ ಶುಲ್ಕದಲ್ಲಿ ಮೂರೋ ನಾಲ್ಕೋ ಲಕ್ಷದ ಸೋಡಿ. ಆಷಾಢದಲ್ಲಿ ಸೀರೆ ಅಂಗಡಿಯವರು ಕೊಡುವ ರಿಯಾಯಿತಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ನಿಜವಾದ ಸ್ಪರ್ಧೆಯಲ್ಲಿ ಸೋಲುವವರು ಹೆಚ್ಚು, ಗೆಲ್ಲುವವರು ಕಡಿಮೆ. ಎಲ್ಲರೂ ಗೆಲ್ಲುವ ಸ್ಪರ್ಧೆಯಲ್ಲಿ ಗೆದ್ದವನು ಅದನ್ನು ಏರ್ಪಡಿಸಿದವನೇ ಎಂದು ತಿಳಿಯಬೇಕು.

ಹೊಲವೂ ಬ್ಯಾಂಕೂ

ಈ ಲೆಕ್ಕ ನಗರದ ಮನೆಗಿಂತ ಹಳ್ಳಿಯ ಮನೆಗೆ ಏಕೆ ಹೆಚ್ಚು ಮುಖ್ಯ? ಬ್ಯಾಂಕುಗಳು ವಿದ್ಯಾಭ್ಯಾಸಕ್ಕೆ ಸಾಲ ಕೊಡುವ ಸಾಮಾನ್ಯ ಪದ್ಧತಿಯಲ್ಲಿ 4 ಲಕ್ಷ ರೂಪಾಯಿಗಳವರೆಗೆ ಜಾಮೀನು ಬೇಡ, 7.5 ಲಕ್ಷದವರೆಗೆ ಮೂರನೆಯವರ ಜಾಮೀನು ಸಾಕು. ಅದನ್ನು ಮೀರಿದರೆ ಆಸ್ತಿಯನ್ನು ಅಡವಿಡಬೇಕು. ಬೆಂಗಳೂರಿನ ಗುಮಾಸ್ತರಿಗೆ ಜಯನಗರದಲ್ಲೋ ರಾಜಾಜಿನಗರದಲ್ಲೋ ಹಿರಿಯರು ಕಟ್ಟಿದ ಮನೆಯಿದ್ದರೆ ಅದೇ ಅಡಮಾನವಾಗುತ್ತದೆ. ಮುರುಗಮಲ್ಲದ ರೈತನಿಗೆ ಇರುವುದು ಹೊಲ. ಕೃಷಿಭೂಮಿಯನ್ನು ವಿದ್ಯಾಭ್ಯಾಸದ ಸಾಲಕ್ಕೆ ಅಡಮಾನವಾಗಿ ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬ್ಯಾಂಕುಗಳು ಸಾಲ ವಸೂಲಿಗೆ ಆಶ್ರಯಿಸುವ 2002ರ ಸರ್ಫೇಸಿ ಕಾಯಿದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ ಎಂಬುದು ಇದಕ್ಕೊಂದು ಕಾರಣ.

ರೈತನ ಭೂಮಿ ಹರಾಜಾಗದಿರಲೆಂಬ ಒಳ್ಳೆಯ ಉದ್ದೇಶದಿಂದ ಬಂದ ಆ ರಕ್ಷಣೆಯೇ ಅವನ ಮಗಳ ಓದಿಗೆ ಬೇಲಿಯಾಗಿ ನಿಲ್ಲುತ್ತದೆ. ಉಳಿದ ದಾರಿಗಳು ಎರಡು: ಹೊಲವನ್ನು ಮಾರುವುದು, ಇಲ್ಲವೆ ಹೆಚ್ಚಿನ ಬಡ್ಡಿಗೆ ಖಾಸಗಿಯವರಲ್ಲಿ ಸಾಲ ಮಾಡುವುದು. ಮಾರಿದ ಹೊಲ ಮತ್ತೆ ಬರುವುದಿಲ್ಲ. ಬಡ್ಡಿಯಂತೂ ಪರೀಕ್ಷೆಯಲ್ಲಿ ಫೇಲಾದರೂ ಬೆಳೆಯುತ್ತದೆ. ಆದುದರಿಂದಲೇ ಶುಲ್ಕವೂ ಜೀವನವೆಚ್ಚವೂ ಎರಡೂ ಸೇರಿದ ಸ್ಪರ್ಧೆ ಇಂಥ ಮನೆಯ ಪಾಲಿಗೆ ಹಲವು ದಾರಿಗಳಲ್ಲೊಂದಲ್ಲ. ಅದು ಇರುವ ಒಂದೇ ಕ್ಷೇಮದ ದಾರಿ. ಅರ್ಧ ಉಚಿತವಾದುದು ನಗರದವರಿಗೆ ಅರ್ಧ ಲಾಭ. ಹಳ್ಳಿಯವರಿಗೆ ಪೂರ್ಣ ನಷ್ಟವಾಗಬಹುದು.

ಮನೆಯವರು ಒಂದು ಸಂಜೆ ಕುಳಿತು ಹಾಳೆಯ ಮೇಲೆ ಇವಿಷ್ಟನ್ನು ಬರೆದುಕೊಂಡರೆ ಸಾಕು. ಶುಲ್ಕ ಎಷ್ಟು? ಊಟ ವಸತಿ ಎಷ್ಟು? ವಿಮಾನ, ವೀಸಾ, ವಿಮೆ ಎಷ್ಟು? ಹೊರಡುವ ಮುಂಚೆಯೇ ಕೈಯಲ್ಲಿರಬೇಕಾದ ಹಣ ಎಷ್ಟು? ನಡುವೆ ಒಂದು ವಿಷಯದಲ್ಲಿ ಅನುತ್ತೀರ್ಣರಾದರೆ ವೇತನ ನಿಲ್ಲುತ್ತದೆಯೆ? ಮುಗಿದ ಮೇಲೆ ಹಿಂದಿರುಗಬೇಕೆಂಬ ಕಟ್ಟಳೆಯಿದೆಯೆ? ಈ ಆರಕ್ಕೂ ಉತ್ತರ ಸ್ಪರ್ಧೆಯ ನಿಯಮಾವಳಿಯಲ್ಲಿಯೇ ಇರಬೇಕು. ಮಧ್ಯಸ್ಥನ ಬಾಯಿಮಾತು ಉತ್ತರವಲ್ಲ.

ಊರಿನ ಪ್ರಶ್ನೆ

ಇಷ್ಟೆಲ್ಲ ಬೆಲೆಯ ಮಾತಾಯಿತು. ಗೆಲ್ಲುವ ಬಗೆ ಹೇಗೆ? ಈ ಸ್ಪರ್ಧೆಗಳಲ್ಲಿ ಅಂಕಪಟ್ಟಿಯೊಡನೆ ಒಂದೆರಡು ಪುಟದ ಉದ್ದೇಶಪತ್ರವನ್ನು ಕೇಳುವವು ಹೆಚ್ಚು. ಈ ವಿಷಯವನ್ನೇ ಏಕೆ ಓದಬೇಕು, ಓದಿ ಏನು ಮಾಡುತ್ತೀರಿ ಎಂಬುದಕ್ಕೆ ಅದರಲ್ಲಿ ಉತ್ತರವಿರಬೇಕು. ಇಲ್ಲಿಯೇ ಹಳ್ಳಿಯ ಮಕ್ಕಳು ಹಿಂಜರಿಯುತ್ತಾರೆ. ಮನೆಯಲ್ಲಿ ತೆಲುಗೋ ಉರ್ದುವೋ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು. ಆಂಧ್ರದ ಗಡಿಗೆ ಹತ್ತಿರವಾದ ಈ ಸೀಮೆಯಲ್ಲಿ ಇದು ಸಾಮಾನ್ಯ. ಇಂಗ್ಲಿಷಿನಲ್ಲಿ ತನ್ನ ವಿಷಯ ಬರೆದುಕೊಳ್ಳಬೇಕೆಂದರೆ ಕೈ ನಡುಗುತ್ತದೆ; ಎಲ್ಲಿಂದಲೋ ನಕಲು ಮಾಡಿದ, ಎಲ್ಲರೂ ಬರೆಯುವ ನಾಲ್ಕು ಮಾತುಗಳನ್ನೇ ಬರೆದು ಕಳುಹಿಸುತ್ತಾರೆ. ‘ಚಿಕ್ಕಂದಿನಿಂದಲೂ ಯಂತ್ರಗಳಲ್ಲಿ ಆಸಕ್ತಿ’ ಎಂಬ ವಾಕ್ಯವನ್ನು ಓದಿ ಓದಿ ಪರೀಕ್ಷಕರಿಗೆ ಸಾಕಾಗಿರುತ್ತದೆ.

ಆದರೆ ಬರೆಯಲು ಈ ಸೀಮೆಯ ಮಕ್ಕಳಿಗಿರುವಷ್ಟು ವಿಷಯ ಯಾರಿಗಿದೆ? ನಂದಿಬೆಟ್ಟದ ಸಾಲಿನಲ್ಲಿ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಯರು ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆ ಜಿಲ್ಲೆಯಲ್ಲಿ ಒಂದೂ ಇಲ್ಲ. ಸಾವಿರ ಅಡಿಗೂ ಕೆಳಗೆ ಕೊರೆದ ಕೊಳವೆಬಾವಿಗಳು ಬತ್ತಿವೆ; ನೀರು ಸಿಕ್ಕಿದ ಕಡೆ ಫ್ಲೋರೈಡಿನ ಕಾಟ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ, ಚಿಕ್ಕಬಳ್ಳಾಪುರಗಳ ಕೆರೆಗಳಿಗೆ ತುಂಬುವ ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಗಳು ಬಂದಿವೆ. 2018ರಲ್ಲಿ ಮೊದಲನೆಯದರ ನೀರು ಕೋಲಾರದ ಕಡೆ ಹರಿಯಿತು. ಕೆರೆ ತುಂಬಿದುದು ಕಣ್ಣಿಗೆ ಕಂಡಿತು. ಎರಡು ಹಂತದ ಸಂಸ್ಕರಣೆ ಸಾಕೆ, ಮೂರನೆಯ ಹಂತವೂ ಬೇಕೆ, ಅಂತರ್ಜಲಕ್ಕೆ ಇಳಿಯುವ ನೀರಿನ ಗುಣವೇನು ಎಂಬ ವಾದ ಮಾತ್ರ ಮುಗಿದಿಲ್ಲ. ತಂದೆ ಕೊರೆಯಿಸಿದ ಬಾವಿ ಬತ್ತಿದುದನ್ನು ಕಂಡ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ ಈ ಒಂದು ಪ್ರಶ್ನೆಯನ್ನು ಹಿಡಿದು, ಅಂಕಿಅಂಶ ಕೂಡಿಸಿ, ಸರಳ ಇಂಗ್ಲಿಷಿನಲ್ಲಿ ಎರಡು ಪುಟ ಬರೆದರೆ ಅದು ಯಾರ ನಕಲೂ ಆಗಿರುವುದಿಲ್ಲ. ಲಿಸ್ಬನ್, ಡೆಲ್ಫ್ಟ್, ಡ್ರೆಸ್ಡನ್ ನಗರಗಳ ವಿದ್ಯಾಸಂಸ್ಥೆಗಳು ಕೂಡಿ ಅಂತರ್ಜಲವೊಂದನ್ನೇ ಕುರಿತು ಎರಾಸ್ಮಸ್ ಯೋಜನೆಯಲ್ಲಿ ಸ್ನಾತಕೋತ್ತರ ಪಠ್ಯವನ್ನು ರೂಪಿಸಿದವು ಎಂಬುದನ್ನು ನೆನೆದರೆ, ಮುರುಗಮಲ್ಲದ ಬತ್ತಿದ ಬಾವಿಗೂ ಯುರೋಪಿನ ತರಗತಿಗೂ ಇರುವ ದೂರ ಅಷ್ಟೇನೂ ದೊಡ್ಡದಲ್ಲವೆಂದು ತಿಳಿಯುತ್ತದೆ.

ನೀರೊಂದೇ ಅಲ್ಲ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ನೂಲು ಬಿಚ್ಚುವ ಯಂತ್ರಗಳು, ಚಿಂತಾಮಣಿಯ ಟೊಮೇಟೊ ಬೆಲೆ ಕುಸಿದಾಗ ರಸ್ತೆಗೆ ಬೀಳುವ ಬುಟ್ಟಿಗಳು, ಅವುಗಳನ್ನು ಕೆಡದಂತೆ ಇಡುವ ಶೀತಲಗೃಹ, ಒಂದೊಂದೂ ಎಂಜಿನಿಯರಿಂಗಿನ ಪ್ರಶ್ನೆಯೇ. ಊರಿನ ಪ್ರಶ್ನೆಯನ್ನು ಹೊತ್ತು ಹೋದವರಿಗೆ ಓದಿ ಮುಗಿದ ಮೇಲೆ ಏನು ಮಾಡಬೇಕೆಂಬ ಗೊಂದಲವೂ ಕಡಿಮೆ. ಹಿಂದಿನವರಿಗೆ ಕರಾರು ನೆನಪಿಸುತ್ತಿದ್ದುದನ್ನು ಇಂದಿನವರಿಗೆ ಆ ಪ್ರಶ್ನೆಯೇ ನೆನಪಿಸುತ್ತದೆ. ಅವರು ಹಿಂದಿರುಗಲಿ, ಇಲ್ಲವೆ ಅಲ್ಲಿಯೇ ಕೆಲಕಾಲ ದುಡಿಯಲಿ. ವಿಶ್ವೇಶ್ವರಯ್ಯನವರ ಋಣವೂ ಕಾಲು ಶತಮಾನ ಕಾದು ತೀರಿದುದೇ ಅಲ್ಲವೆ?

ಹತ್ತಿರದ ಸೀಟು, ಹತ್ತಿರದ ದಿನ

ಸ್ಪರ್ಧೆಯಲ್ಲಿ ಸೋತವರಿಗೆ ಬಾಗಿಲೆಲ್ಲ ಮುಚ್ಚಿತೆಂದು ತಿಳಿಯಬೇಕಾಗಿಲ್ಲ. ನಮ್ಮಲ್ಲಿಯೇ ಗೇಟ್ ಎಂಬ ಪರೀಕ್ಷೆಯಿದೆ. ಅದರಲ್ಲಿ ಒಳ್ಳೆಯ ಸ್ಥಾನ ಗಳಿಸಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೋ ಐ.ಐ.ಟಿ.ಗಳಲ್ಲೋ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿಗಳ ವಿದ್ಯಾರ್ಥಿವೇತನ ಗೊತ್ತಾಗಿದೆ. ಅದೇ ಅಂಕವನ್ನು ಸಿಂಗಪುರದ ವಿಶ್ವವಿದ್ಯಾಲಯಗಳೂ ಜರ್ಮನಿಯ ಕೆಲವು ವಿಭಾಗಗಳೂ ಪರಿಗಣಿಸುತ್ತವೆ. ಒಂದೇ ಓದಿನಿಂದ ಎರಡು ಬಾಗಿಲು ತೆರೆಯುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಂತೂ ಮುದ್ದೇನಹಳ್ಳಿಯಲ್ಲಿಯೇ ಇದೆ. ದೂರದ ಸಾಲದ ಸೀಟಿಗಿಂತ ಹತ್ತಿರದ ಗೆದ್ದ ಸೀಟು ಮೇಲು ಎಂಬುದನ್ನು ನೆರೆಹೊರೆಯವರ ಮಾತಿಗೆ ಅಂಜುವ ತಂದೆತಾಯಿಗಳು ಮನಸ್ಸಿಗೆ ತಂದುಕೊಳ್ಳಬೇಕು.

ಕೊನೆಯದಾಗಿ ಕಾಲದ ಮಾತು. ಅರ್ಹರು ಸೋಲುವುದು ಬುದ್ಧಿಯಿಲ್ಲದೆ ಅಲ್ಲ, ತಡವಾಗಿ. ಎರಾಸ್ಮಸ್ ಪಠ್ಯಗಳ ಅರ್ಜಿಗಳು ಸಾಮಾನ್ಯವಾಗಿ ಅಕ್ಟೋಬರಿನಿಂದ ಜನವರಿಯೊಳಗೆ. ಚೀವ್ನಿಂಗ್ ಆಗಸ್ಟಿನಲ್ಲಿ ತೆರೆದು ಅಕ್ಟೋಬರಿನ ಹೊತ್ತಿಗೆ ಮುಚ್ಚುತ್ತದೆ. ಜಪಾನಿನದು ಏಪ್ರಿಲ್, ಮೇ ತಿಂಗಳುಗಳಲ್ಲಿ, ಅದೂ ಮುಂದಿನ ವರ್ಷಕ್ಕೆ. ರಷ್ಯದ ಸ್ಪರ್ಧೆ ಶರತ್ಕಾಲದಲ್ಲಿ. ಬಿ.ಇ. ಅಂತಿಮ ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ ವಿಚಾರಿಸೋಣವೆಂದವರಿಗೆ ಇಡೀ ಒಂದು ವರ್ಷ ಕೈತಪ್ಪುತ್ತದೆ. ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಎರಾಸ್ಮಸ್‌ಗೆ ಅರ್ಜಿ ಹಾಕಬಹುದೆಂಬುದು ಗೊತ್ತಿರದವರು ಎಷ್ಟೋ ಮಂದಿ. ಇಂಗ್ಲಿಷ್ ಭಾಷಾಪರೀಕ್ಷೆಗೆ ಹದಿನೈದು ಸಾವಿರ ರೂಪಾಯಿಗೂ ಮೀರಿದ ಶುಲ್ಕ, ಅಧ್ಯಾಪಕರ ಶಿಫಾರಸು ಪತ್ರ, ಪಾಸ್‌ಪೋರ್ಟು ಇವೆಲ್ಲಕ್ಕೂ ತಿಂಗಳುಗಳು ಬೇಕು.

ಏಳನೆಯ ಸೆಮಿಸ್ಟರಿನ ದಸರೆಯ ರಜೆಗೆ ಮನೆಗೆ ಬಂದ ಮಗಳನ್ನು ಹತ್ತಿರ ಕೂರಿಸಿಕೊಂಡು, ಆ ಆರು ಪ್ರಶ್ನೆಗಳ ಹಾಳೆಯನ್ನು ಬಿಡಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತ ಬೇರೊಂದಿಲ್ಲ. ಅಂದು ತಾಯಿಯೂ ತಂದೆಯೂ ಕೇಳಬೇಕಾದ ಮೊದಲ ಮಾತು, ಯಾವ ದೇಶ ಎಂಬುದಲ್ಲ. ‘ಏನನ್ನು ಕಲಿತು ಬರಬೇಕೆಂದಿದ್ದೀಯೆ ಮಗಳೆ?’ ಎಂಬುದು. ಅದಕ್ಕೆ ಉತ್ತರ ಸಿದ್ಧವಾಗಿದ್ದರೆ ಅರ್ಜಿಯ ಅರ್ಧ ತುಂಬಿದಂತೆಯೇ ಸರಿ.